ಹೆಸರು ಮುಚ್ಚಿಟ್ಟು ಐದು ಬಿಯರ್ ಕುಡಿದೆವು, ನನ್ನ ಮರ್ಯಾದೆ ಹೋಯಿತು

ಕುಕ್ಕರಹಳ್ಳಿ ಕೊಕ್ಕರೆ, ಮೈಸೂರು · ಭಾನುವಾರ ಬೆಳಗ್ಗೆ 11.20

ಮೂರು ವರ್ಷಗಳಿಂದ ಈ ಗುಂಪಿನಲ್ಲಿ ಸ್ಟೌಟ್ ಎಂಬ ಕಪ್ಪು ಬಿಯರಿನ ಪರವಾಗಿ ಜಗಳವಾಡುತ್ತ ಬಂದವನು ನಾನು. ವೈನ್ ಶಾಪಿನ ಕೆಳಸಾಲಿನಲ್ಲಿರುವ ಅಗ್ಗದ ಕ್ಯಾನನ್ನು ಗಂಜಿನೀರು ಎಂದು ಕರೆದವನೂ ನಾನೇ. ಆದ್ದರಿಂದ ನಿನ್ನೆ ರಾತ್ರಿ ನಡೆದದ್ದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲವಾದರೆ ಜೊತೆಗಿದ್ದ ಮೂವರು ಸಂಜೆಯೊಳಗೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ.

ಕುವೆಂಪುನಗರದಲ್ಲಿ ಗೆಳೆಯನ ಮನೆಯ ತಾರಸಿ. ಐದು ಬಗೆ ತಂದಿದ್ದೆವು. ಒಂದು, ಶೇ 8 ಆಲ್ಕೋಹಾಲ್ ಇರುವ ಅಗ್ಗದ ಸ್ಟ್ರಾಂಗ್ ಕ್ಯಾನ್. ಎರಡು, ಕಾಲೇಜು ದಿನಗಳಿಂದ ಕುಡಿಯುತ್ತ ಬಂದ ತಿಳಿಬಣ್ಣದ ಮಾಮೂಲಿ ಲಾಗರ್, 650 ಮಿ.ಲೀ. ಬಾಟಲಿ. ಮೂರು, ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕಿದ ಗೋಧಿ ಬಿಯರ್. ನಾಲ್ಕು, ನಮ್ಮ ದೇಶದ್ದೇ ಒಂದು ಸ್ಟೌಟ್. ಐದು, ಗೆಳೆಯನ ಭಾವಮೈದುನ ವಿಮಾನ ನಿಲ್ದಾಣದಿಂದ ತಂದ ಐರ್ಲೆಂಡಿನ ಸ್ಟೌಟ್, ಗಿನ್ನೆಸ್ ಕ್ಯಾನ್. ಐದನ್ನೂ ಒಂದು ಗಂಟೆ ಫ್ರೀಜರಿನಲ್ಲಿಟ್ಟೆವು. ಬಣ್ಣ ನೋಡಿದರೆ ಗುಟ್ಟು ರಟ್ಟಾಗುತ್ತದೆಂದು ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಸ್ಟೀಲ್ ಲೋಟದಲ್ಲಿ ಕುಡಿದೆವು. ಲೋಟ ತುಂಬಿ ಅಂಕ ಬರೆದುಕೊಂಡವರು ಗೆಳೆಯನ ಹೆಂಡತಿ. ಅವರಿಗೆ ನಮ್ಮ ಮೇಲೆ ಯಾವ ಕರುಣೆಯೂ ಇರಲಿಲ್ಲ.

ಗೋಧಿ ಬಿಯರನ್ನು ನಾಲ್ವರೂ ಹಿಡಿದೆವು. ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುವ ಮನೆಯಲ್ಲಿ ಬೆಳೆದವರಿಗೆ ಅದೇನೂ ಕಷ್ಟವಲ್ಲ. ಗಿನ್ನೆಸ್ ಕೂಡ ಸಿಕ್ಕಿಬಿತ್ತು, ರುಚಿಯಿಂದಲ್ಲ, ತುಟಿಗೆ ಮೆತ್ತಿಕೊಂಡ ನೊರೆಯಿಂದ. ನಾಲ್ಕನೆಯ ಲೋಟದ ಬಗ್ಗೆ ನಾನು ಹೇಳಿದ್ದು: "ಮಾಮೂಲಿ ಲಾಗರ್, ಸ್ವಲ್ಪ ಹಳತು." ಅದು ಸ್ಟೌಟ್. ಒಂದನೆಯ ಲೋಟಕ್ಕೆ ಹತ್ತಕ್ಕೆ ಎಂಟು ಕೊಟ್ಟು, "ಮಾಲ್ಟಿನ ತೂಕವಿದೆ, ಯಾರೋ ಬಲ್ಲವರು ಮಾಡಿದ್ದಾರೆ" ಎಂದೆ. ಅದು ಆ ಗಂಜಿನೀರು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಈ ಗುಂಪನ್ನೇ ಬಿಟ್ಟುಹೋಗುತ್ತಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು, ಮಾತು ಎಲ್ಲೆಲ್ಲಿಗೋ ಹೋಯಿತು, ಉಳಿದ ಲೋಟಗಳು ನಲವತ್ತು ನಿಮಿಷ ಹಾಗೇ ಕುಳಿತವು. ಕತ್ತಲಲ್ಲಿ ಒಂದನ್ನು ಎತ್ತಿಕೊಂಡರೆ ಮೂಗಿನ ಹತ್ತಿರ ಬರುವ ಮುನ್ನವೇ ಹುರಿದ ಕಾಫಿ ಬೀಜದ ವಾಸನೆ, ಅದು ಸ್ಟೌಟ್. ಪಕ್ಕದ ಲೋಟದಲ್ಲಿದ್ದ ಸ್ಟ್ರಾಂಗ್ ಗಂಟಲಿಗೆ ಇಳಿಯಲೇ ಇಲ್ಲ, ಮೊದಲು ಬಂದದ್ದು ಸ್ಪಿರಿಟ್, ಆಮೇಲೆ ಬಂದದ್ದು ಸಕ್ಕರೆ. ಈಗ ಹೇಳಿ, ಎರಡರಲ್ಲಿ ಯಾವ ಪರೀಕ್ಷೆಯನ್ನು ನಂಬಬೇಕು?

ಕಬ್ಬಿನ ಗದ್ದೆ, ಮಂಡ್ಯ · ಭಾನುವಾರ ಮಧ್ಯಾಹ್ನ 12.05

ಮೊದಲನೆಯದನ್ನು. ಏಪ್ರಿಲ್ ತಿಂಗಳಲ್ಲಿ ಬಿಯರನ್ನು ನಲವತ್ತು ನಿಮಿಷ ಲೋಟದಲ್ಲಿ ಬಿಟ್ಟು ಕುಡಿಯುವವನನ್ನು ನಾನು ಮಂಡ್ಯದಲ್ಲಿ ಇದುವರೆಗೆ ನೋಡಿಲ್ಲ ಸ್ವಾಮಿ. ಬಾರಿನ ಹುಡುಗನಿಗೆ ನಾವು ಕೇಳುವುದು ಒಂದೇ ಪ್ರಶ್ನೆ, ಚಿಲ್ಡ್ ಇದೆಯಾ? ಇದ್ದರೆ ಕೂರುತ್ತೇವೆ, ಇಲ್ಲದಿದ್ದರೆ ಎದುರಿನ ಬಾರು.

ಇನ್ನು ಸ್ಟ್ರಾಂಗ್ ಕುಡಿಯುವವರನ್ನು ನೀವು ನಾಲಿಗೆ ಇಲ್ಲದವರೆಂದು ತಿಳಿದಿದ್ದೀರಿ. ನಾಲಿಗೆ ಇದೆ, ಜೇಬೂ ಇದೆ. ಶೇ 8ರ 650 ಮಿ.ಲೀ. ಬಾಟಲಿಯಲ್ಲಿ 52 ಮಿ.ಲೀ. ಅಪ್ಪಟ ಆಲ್ಕೋಹಾಲ್. ಶೇ 4.8ರ 330 ಮಿ.ಲೀ. ಪಿಂಟ್‌ನಲ್ಲಿ 16 ಮಿ.ಲೀ. ಕೂಡ ಇಲ್ಲ. ನಿಮ್ಮ ಗೋಧಿ ಬಿಯರಿನ ಒಂದು ಪಿಂಟ್ ಕೊಳ್ಳುವ ಹಣ ನನ್ನ ಹತ್ತಿರ ಇದ್ದಾಗ ನಾನು ಯಾವುದನ್ನು ಕೊಳ್ಳುತ್ತೇನೆ ಎಂಬುದು ರುಚಿಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಸಾಲದೆಂಬಂತೆ 2025ರಲ್ಲಿ ಬಿಯರಿನ ಹೆಚ್ಚುವರಿ ಅಬಕಾರಿ ಸುಂಕ ಜನವರಿಯಲ್ಲಿ ಶೇ 185ರಿಂದ 195ಕ್ಕೆ, ಮೇ ತಿಂಗಳಲ್ಲಿ 205ಕ್ಕೆ ಏರಿತು. ಬಾರ್ಲಿ ಹುರಿದಿದ್ದಾರೋ ಬೇಯಿಸಿದ್ದಾರೋ ಎಂದು ಯೋಚಿಸಲು ಆಮೇಲೆ ಏನು ಉಳಿಯುತ್ತದೆ?

ಮೊಳಕೆ ರಾಗಿ, ಮೈಸೂರು · ಭಾನುವಾರ ಮಧ್ಯಾಹ್ನ 2.40

ಆಹಾರ ತಂತ್ರಜ್ಞಾನ ಓದಿದವಳು ನಾನು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಸರವಾದರೆ ಹಾರಿಸಿಕೊಂಡು ಹೋಗಿ.

ಕೊಕ್ಕರೆ ಸರ್, ನೀವು ಪರೀಕ್ಷಿಸಿದ್ದು ಬಿಯರನ್ನಲ್ಲ, ಫ್ರೀಜರನ್ನು. ಕರಗಿಹೋದ ಐಸ್‌ಕ್ರೀಮ್ ಎಂದಾದರೂ ಕುಡಿದಿದ್ದೀರಾ? ಬಾಯಿ ಕಟ್ಟುವಷ್ಟು ಸಿಹಿ. ಗಟ್ಟಿಯಾಗಿದ್ದಾಗ ಅಷ್ಟೇ ಸಕ್ಕರೆ ಹಿತವಾಗಿರುತ್ತದೆ, ಏಕೆಂದರೆ ಚಳಿಯಲ್ಲಿ ನಾಲಿಗೆ ಸಿಹಿಯನ್ನು ಅರ್ಧಂಬರ್ಧ ಗುರುತಿಸುತ್ತದೆ. ವಾಸನೆಯ ಕಥೆಯೂ ಅದೇ, ದ್ರವ ತಣ್ಣಗಾದಷ್ಟೂ ಅದರಿಂದ ಆವಿಯಾಗಿ ಮೂಗಿಗೆ ಏರುವುದು ಕಡಿಮೆ. ಸ್ಟ್ರಾಂಗ್ ಬಿಯರಿನಲ್ಲಿ ಅಡಗಬೇಕಾದದ್ದು ಬಹಳ ಇರುತ್ತದೆ. ಬಾರ್ಲಿಯ ಜೊತೆಗೆ ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಪಾಕ ಹಾಕಿ ಆಲ್ಕೋಹಾಲ್ ಏರಿಸಿರುತ್ತಾರೆ. ಚಳಿ ಅದಕ್ಕೆ ಹೊದಿಕೆ. ಸ್ಟೌಟ್‌ಗೆ ಅದೇ ಚಳಿ ಬಾಯಿಗೆ ತುರುಕಿದ ಬಟ್ಟೆ. ಲಾಗರ್‌ಗೆ 4ರಿಂದ 7 ಡಿಗ್ರಿ ಸರಿ, ಸ್ಟೌಟ್‌ಗೆ 8ರಿಂದ 12 ಬೇಕು. ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷ ಸುಮ್ಮನೆ ಇಟ್ಟರೆ ಸಾಕು. ನಿಮ್ಮ ನಲವತ್ತು ನಿಮಿಷ ಜಾಸ್ತಿಯಾಯಿತು, ಅಷ್ಟರಲ್ಲಿ ನೊರೆ ಸತ್ತಿರುತ್ತದೆ.

ಸ್ಟೌಟ್ ಎಂದರೇನು ಎಂದು ಗುಂಪಿನಲ್ಲಿ ಕೆಲವರು ಕೇಳುತ್ತಲೇ ಇರುತ್ತಾರೆ. ನಮ್ಮ ಮನೆಗಳಲ್ಲಿ ಮಗುವಿಗೆ ರಾಗಿ ಸರಿ ಮಾಡಲು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೆಚ್ಚಗೆ ಹುರಿದು ಬೀಸುತ್ತಾರಲ್ಲ, ಬಾರ್ಲಿಗೂ ಅದೇ ಸಂಸ್ಕಾರ, ಮಾಲ್ಟ್ ಎನ್ನುವುದು ಅದನ್ನೇ. ಮೊಳಕೆಯೊಡೆದಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ, ಆ ಸಕ್ಕರೆಯನ್ನು ಈಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಸ್ಟೌಟ್‌ನಲ್ಲೂ ಬಹುಪಾಲು ಕಾಳು ತಿಳಿಬಣ್ಣದ್ದೇ. ಸುಮಾರು ಹತ್ತರಲ್ಲೊಂದು ಭಾಗ ಮಾತ್ರ 200 ಡಿಗ್ರಿ ಮೀರಿದ ಬಿಸಿಯಲ್ಲಿ ಕಪ್ಪಾಗುವವರೆಗೆ ಹುರಿದ ಬಾರ್ಲಿ. ಬಣ್ಣವೂ ಕಾಫಿಯ ಕಹಿಯೂ ಆ ಹಿಡಿಯಷ್ಟು ಕಾಳಿನಿಂದ. ಅಷ್ಟನ್ನೂ ಹುರಿದುಬಿಟ್ಟರೆ ಕಿಣ್ವಗಳೇ ಸಾಯುತ್ತವೆ, ಬಿಯರ್ ಆಗುವುದೇ ಇಲ್ಲ.

ಕಪ್ಪಗಿದೆ, ಆದ್ದರಿಂದ ಜೋರಾಗಿದೆ ಎಂಬುದೂ ಸುಳ್ಳು. ನೀವು ಕುಡಿದ ಗಿನ್ನೆಸ್ ಶೇ 4.2 ಇದ್ದಿರಬೇಕು, ನಿಮ್ಮ ಮಾಮೂಲಿ ಲಾಗರ್‌ಗಿಂತ ಕಡಿಮೆ. ಆ ನೊರೆಗೆ ಕಾರಣ ಸಾರಜನಕ. ಕ್ಯಾನ್ ಅಲ್ಲಾಡಿಸಿದರೆ ಒಳಗೆ ಗೋಲಿಯಂಥದ್ದೊಂದು ಸದ್ದು ಮಾಡುತ್ತದೆ, ಕ್ಯಾನ್ ತೆರೆದೊಡನೆ ಒತ್ತಡ ಇಳಿದು ಅದರೊಳಗಿಂದ ಅನಿಲ ಚಿಮ್ಮಿ ಸಣ್ಣ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ.

ಒಂದು ಪ್ರಶ್ನೆ. ನಾಲ್ಕನೆಯದನ್ನು "ಸ್ವಲ್ಪ ಹಳತು" ಎಂದಿರಲ್ಲ, ಬಾಟಲಿಯ ಮೇಲಿನ ದಿನಾಂಕ ನೋಡಿದಿರಾ?

ಕುಕ್ಕರಹಳ್ಳಿ ಕೊಕ್ಕರೆ · ಭಾನುವಾರ ಸಂಜೆ 5.15

ಮೇಡಂ, ನಿಮಗೆ ನನ್ನದೊಂದು ದೊಡ್ಡ ನಮಸ್ಕಾರ. ಗೆಳೆಯನ ಮನೆಗೆ ಹೋಗಿ ಗುಜರಿಗೆ ಕೊಡಲು ಇಟ್ಟಿದ್ದ ಬಾಟಲಿಗಳನ್ನು ಹುಡುಕಿಸಿದೆ. ಸ್ಟೌಟ್ ತಯಾರಾಗಿ ಐದು ತಿಂಗಳು ಮೇಲಾಗಿದೆ, ಇನ್ನು ಕೆಲವು ದಿನಗಳಲ್ಲಿ ಅದರ ಅವಧಿಯೇ ಮುಗಿಯುತ್ತಿತ್ತು. ಲಾಗರ್ ಬಾಟಲಿ ಹದಿನೆಂಟು ದಿನದ್ದು, ಚೀಟಿಯಲ್ಲಿ ನಂಜನಗೂಡು ಎಂದಿದೆ. ನಾಲಿಗೆ ಪೂರ್ತಿ ಸತ್ತಿಲ್ಲ ಎಂದು ನೆಮ್ಮದಿಯಾಯಿತು. ಲಾಗರ್ ಎಂದದ್ದು ತಪ್ಪು, ಹಳತು ಎಂದದ್ದು ಸರಿ. ಹತ್ತಕ್ಕೆ ಐದು ಅಂಕ ನನಗೂ ಬರಬೇಕು.

ಕಬ್ಬಿನ ಗದ್ದೆ · ಭಾನುವಾರ ಸಂಜೆ 5.22

ಅಂಕ ಬರೆದುಕೊಳ್ಳುವ ಅಕ್ಕನನ್ನು ಕೇಳಿ. ಅವರು ಒಪ್ಪಿದರೆ ನಾನೂ ಒಪ್ಪುತ್ತೇನೆ.

ಹಳೇ ಸೈಕಲ್, ಒಂಟಿಕೊಪ್ಪಲು · ಭಾನುವಾರ ರಾತ್ರಿ 8.30

ನಾನು ಎಪ್ಪತ್ತೊಂದು ವರ್ಷದವನು, ನಿವೃತ್ತ ಮೇಷ್ಟರು. ನಿಮ್ಮ ಕಾಲದ ಕೊತ್ತಂಬರಿ ಬೀಜದ ಬಿಯರ್ ನನಗೆ ತಿಳಿಯದು. ನಮಗೆ ಬಿಯರ್ ಎಂದರೆ ದೊಡ್ಡ ಬಾಟಲಿ, ಅದನ್ನು ಮೂವರು ಹಂಚಿಕೊಳ್ಳುವುದು. ಕುಡಿಯುವ ಮುನ್ನ ಒಂದು ಶಾಸ್ತ್ರವೂ ಇತ್ತು. ಬಾಟಲಿಯ ಮುಚ್ಚಳ ತೆಗೆದು, ಬಾಯಿಗೆ ಹೆಬ್ಬೆರಳಿಟ್ಟು, ನೀರು ತುಂಬಿದ ಲೋಟದೊಳಗೆ ತಲೆಕೆಳಗು ಮಾಡಿ ಹಿಡಿಯುತ್ತಿದ್ದೆವು. ಎಣ್ಣೆಯಂತೆ ಎಳೆ ಎಳೆಯಾಗಿ ಗ್ಲಿಸರಿನ್ ಇಳಿಯುತ್ತಿತ್ತು. ಅದು ಪೂರ್ತಿ ಇಳಿದ ಮೇಲೆಯೇ ಕುಡಿಯುವುದು, ಇಲ್ಲದಿದ್ದರೆ ಮರುದಿನ ತಲೆನೋವು ಎಂದು ನಂಬಿಕೆ. ಈಗಿನವರು ಇದನ್ನು ಮಾಡುವುದೇ ಇಲ್ಲ. ಅಗ್ಗದ ಬಿಯರಿಗೂ ಒಳ್ಳೆಯ ಬಿಯರಿಗೂ ಇರುವ ವ್ಯತ್ಯಾಸ ಆ ಗ್ಲಿಸರಿನ್ ಎಂದೇ ನಾನು ಇಷ್ಟು ಕಾಲ ತಿಳಿದಿದ್ದೇನೆ. ಮೊಳಕೆ ರಾಗಿ ಅವರು ಏನು ಹೇಳುತ್ತಾರೆ?

ಮೊಳಕೆ ರಾಗಿ · ಭಾನುವಾರ ರಾತ್ರಿ 9.10

ಮೇಷ್ಟ್ರೇ, ಕ್ಷಮಿಸಿ, ಇಳಿಯುತ್ತಿದ್ದದ್ದು ನಿಮ್ಮ ಬಿಯರ್.

ಗ್ಲಿಸರಿನ್ ನೀರಿನಲ್ಲೂ ಆಲ್ಕೋಹಾಲಿನಲ್ಲೂ ಪೂರ್ತಿ ಕರಗಿ ಬೆರೆಯುವ ವಸ್ತು. ಬೆರೆತ ಮೇಲೆ ಅದೊಂದೇ ಬೇರ್ಪಟ್ಟು ಲೋಟಕ್ಕೆ ಇಳಿಯಲು ಸಾಧ್ಯವಿಲ್ಲ, ಪಾನಕದಿಂದ ಬೆಲ್ಲ ಒಂದೇ ಇಳಿದು ಬರುತ್ತದೆಯೇ? ಹುದುಗುವಾಗ ಈಸ್ಟ್ ತಾನಾಗಿಯೇ ಲೀಟರಿಗೆ ಒಂದೆರಡು ಗ್ರಾಂ ಗ್ಲಿಸರಿನ್ ಮಾಡುತ್ತದೆ, ಅದು ಜಗತ್ತಿನ ಎಲ್ಲ ಬಿಯರಿನಲ್ಲೂ ಇದೆ, ದುಬಾರಿ ಸ್ಟೌಟ್‌ನಲ್ಲೂ ಇದೆ. ನೀವು ನೋಡಿದ ಎಳೆಗಳಿಗೆ ಕಾರಣ ಬೇರೆ. ಹುದುಗದೆ ಉಳಿದ ಸಕ್ಕರೆ ಮತ್ತಿತರ ಅಂಶಗಳಿಂದ ಬಿಯರ್ ಸಾಮಾನ್ಯವಾಗಿ ನೀರಿಗಿಂತ ತುಸು ಭಾರ. ತಲೆಕೆಳಗಾದಾಗ ಭಾರವಾದದ್ದು ಕೆಳಗೆ ಇಳಿಯುತ್ತದೆ, ಹಗುರವಾದ ನೀರು ಮೇಲೆ ಏರುತ್ತದೆ. ಬೆಳಕು ಎರಡರಲ್ಲೂ ಬೇರೆ ಬೇರೆಯಾಗಿ ಬಾಗುವುದರಿಂದ ಎಳೆಗಳು ಕಾಣುತ್ತವೆ. ಅಂದರೆ ನೀವು ಇಷ್ಟು ಕಾಲ ಬಿಯರನ್ನು ಲೋಟಕ್ಕೆ ಚೆಲ್ಲಿ, ನೀರು ಸೇರಿದ ಬಿಯರನ್ನು ಕುಡಿದಿದ್ದೀರಿ. ಬಹುಶಃ ಮರುದಿನ ತಲೆನೋವು ಕಡಿಮೆಯಾಗುತ್ತಿದ್ದದ್ದೂ ಅದಕ್ಕೇ.

ಹಳೇ ಸೈಕಲ್ · ಭಾನುವಾರ ರಾತ್ರಿ 9.31

ನಲವತ್ತು ವರ್ಷ ವಿದ್ಯಾರ್ಥಿಗಳಿಗೆ ಪ್ರಶ್ನೆ ಕೇಳಲು ಕಲಿಸಿದೆ. ಈ ಒಂದನ್ನು ನಾನು ಯಾರಿಗೂ ಕೇಳಲಿಲ್ಲ.

ಕಬ್ಬಿನ ಗದ್ದೆ · ಸೋಮವಾರ ಬೆಳಗ್ಗೆ 10.50

ನಾನು ಮಾತನ್ನು ನಂಬುವವನಲ್ಲ. ಬೆಳಗ್ಗೆ ಕಬ್ಬಿನ ಹಾಲಿನ ಅಂಗಡಿಯಿಂದ ಅರ್ಧ ಲೀಟರ್ ತಂದು, ಸೋಸಿ, ಖಾಲಿ ಬಿಯರ್ ಬಾಟಲಿಗೆ ತುಂಬಿ, ಗಾಜಿನ ಲೋಟದ ನೀರಿಗೆ ತಲೆಕೆಳಗು ಹಿಡಿದೆ. ಹಗ್ಗದಂತೆ ಇಳಿಯಿತು. ಮೇಷ್ಟ್ರೇ, ನಮ್ಮ ಕಬ್ಬಿನಲ್ಲೂ ಗ್ಲಿಸರಿನ್ ಇದೆ! ಹೆಂಡತಿ ಬಂದು ಏನು ನಡೆಯುತ್ತಿದೆ ಎಂದು ಕೇಳಿದಳು. ವಿಜ್ಞಾನ ಎಂದೆ. ಬಿಯರ್ ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು, ಗಡಿಯಾರವನ್ನೂ ನೋಡಿದಳು.

ಹಾಪ್ಸ್ ಹುಚ್ಚ, ಮೈಸೂರು–ಬೆಂಗಳೂರು · ಸೋಮವಾರ ಮಧ್ಯಾಹ್ನ 1.15

ಎಲ್ಲರೂ ಸ್ಟೌಟ್, ಸ್ಟ್ರಾಂಗ್ ಎನ್ನುತ್ತಿದ್ದೀರಿ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಬಗ್ಗೆ ಒಂದು ಮಾತೂ ಇಲ್ಲ. ವಾರಕ್ಕೆ ಐದು ದಿನ ಬೆಂಗಳೂರಿನಲ್ಲಿರುವವನು ನಾನು. ಅಲ್ಲಿನ ಬ್ರೂಪಬ್ ಟಾಯ್ಟ್‌ನ ಬಾಸ್ಮತಿ ಬ್ಲಾಂಡ್ ಬಿಯರ್ ಕುಡಿದರೆ ಅಕ್ಕಿ ಹಾಕುವುದು ಅಗ್ಗದ ಕೆಲಸವಲ್ಲ ಎಂದು ಗೊತ್ತಾಗುತ್ತದೆ. ಆರ್ಬರ್ ಬ್ರೂವರಿಯ ರೇಜಿಂಗ್ ಎಲಿಫೆಂಟ್ ಎಂಬ ಐಪಿಎ ಕುಡಿದರೆ ಕಹಿ ಎಂದರೆ ಏನೆಂದು ಗೊತ್ತಾಗುತ್ತದೆ. ಹಾಗಲಕಾಯಿ ಗೊಜ್ಜು ಇಷ್ಟಪಡುವ ಊರಿನವರು ಐಪಿಎಗೆ ಮುಖ ಸಿಂಡರಿಸುವುದು ನನಗೆ ಅರ್ಥವಾಗುವುದಿಲ್ಲ. ಅಲ್ಲದೆ ಅದು ನಮಗಾಗಿಯೇ ಹುಟ್ಟಿದ ಬಿಯರ್, ಇಂಡಿಯಾ ಪೇಲ್ ಏಲ್. ಬೇರೆ ಬಿಯರೆಲ್ಲ ಹಡಗಿನಲ್ಲಿ ಕೆಟ್ಟುಹೋಗುತ್ತಿತ್ತು, ಆದ್ದರಿಂದ ಹಾಪ್ಸ್ ಸುರಿದು ಇದನ್ನು ಕಂಡುಹಿಡಿದರು.

ಹಳೇ ಸೈಕಲ್ · ಸೋಮವಾರ ಮಧ್ಯಾಹ್ನ 3.45

ಗ್ಲಿಸರಿನ್ನಿನಲ್ಲಿ ಸೋತೆ, ಇತಿಹಾಸದಲ್ಲಿ ಸೋಲುವುದಿಲ್ಲ. ಹಾಪ್ಸ್ ಹೆಚ್ಚಾಗಿದ್ದರೆ ಬಿಯರ್ ಬೇಗ ಕೆಡುವುದಿಲ್ಲ, ಅಷ್ಟು ಸರಿ. ಬೇರೆ ಬಿಯರ್ ಕೆಡುತ್ತಿತ್ತು ಎಂಬುದು ತಪ್ಪು. ಲಂಡನ್ನಿನ ಪೋರ್ಟರ್ ಎಂಬ ಕಪ್ಪು ಬಿಯರ್ ಹಡಗುಗಟ್ಟಲೆ ಇಲ್ಲಿಗೆ ಬರುತ್ತಿತ್ತು, ಈಸ್ಟ್ ಇಂಡಿಯಾ ಕಂಪನಿಯ ಬಿಳಿಯ ಸಿಪಾಯಿಗಳು ಕುಡಿಯುತ್ತಿದ್ದದ್ದು ಅದನ್ನೇ. ಪೇಲ್ ಏಲ್ ಹೆಚ್ಚಾಗಿ ಅಧಿಕಾರಿಗಳ, ಉಳ್ಳವರ ಮೇಜಿಗೆ. ಅದನ್ನು ಇಲ್ಲಿ ಹೆಸರುವಾಸಿ ಮಾಡಿದ ಹಾಡ್ಜ್‌ಸನ್ ಎಂಬವನು ಹೊಸದೇನನ್ನೂ ಕಂಡುಹಿಡಿದವನಲ್ಲ. ಅವನ ಬ್ರೂವರಿ ಲಂಡನ್ನಿನಲ್ಲಿ ಕಂಪನಿಯ ಹಡಗುಕಟ್ಟೆಗೆ ಹತ್ತಿರವಿತ್ತು, ಹಡಗಿನ ಕಪ್ತಾನರಿಗೆ ಅವನು ತಿಂಗಳುಗಟ್ಟಲೆ ಸಾಲ ಕೊಡುತ್ತಿದ್ದ. ಸಾಲ ಕೊಡುವ ಅಂಗಡಿಗೆ ಗಿರಾಕಿ ಹೆಚ್ಚು, ಇದಕ್ಕೆ ಹಾಪ್ಸ್ ಬೇಕಿಲ್ಲ. 1820ರ ದಶಕದಲ್ಲಿ ಇಂಗ್ಲೆಂಡಿನದೇ ಬರ್ಟನ್ ಊರಿನ ಬಿಯರ್ ತಯಾರಕರು ಬಂದು ಅವನ ವ್ಯಾಪಾರ ಕಿತ್ತುಕೊಂಡರು.

ಕೊಕ್ಕರೆಯವರಿಗೆ ಇದರಲ್ಲಿ ಸಂತೋಷದ ಸಂಗತಿಯೂ ಇದೆ. ಪೋರ್ಟರಿನಲ್ಲಿ ಜೋರಾದದ್ದನ್ನು ಸ್ಟೌಟ್ ಪೋರ್ಟರ್ ಎನ್ನುತ್ತಿದ್ದರು, ಬಾಲ ಉದುರಿ ಸ್ಟೌಟ್ ಉಳಿಯಿತು. ಅಂದರೆ ಈ ದೇಶದ ಬಿಸಿಲಿನಲ್ಲಿ, ಐಸ್ ಇಲ್ಲದ ಕಾಲದಲ್ಲಿ, ಜನ ಕಪ್ಪು ಬಿಯರನ್ನು ಕುಡಿಯುತ್ತಿದ್ದರು. ಚಿಲ್ಡ್ ಇದೆಯಾ ಎಂದು ಕೇಳಲು ಎದುರಿನ ಬಾರೂ ಇರಲಿಲ್ಲ.

ಹಾಪ್ಸ್ ಹುಚ್ಚ · ಸೋಮವಾರ ಸಂಜೆ 4.02

ಒಪ್ಪಿದೆ ಮೇಷ್ಟ್ರೇ. ಆದರೆ ಹಾಗಲಕಾಯಿ ವಾದವನ್ನು ಹಿಂದಕ್ಕೆ ಪಡೆಯುವುದಿಲ್ಲ.

ಮೊಳಕೆ ರಾಗಿ · ಸೋಮವಾರ ಸಂಜೆ 6.20

ಹಾಪ್ಸ್ ಮಾತು ಬಂದದ್ದರಿಂದ ಅಗ್ಗದ ಕ್ಯಾನಿನ ಪರವಾಗಿ ಎರಡು ಮಾತು. ಹಾಪ್ಸ್‌ನ ಕಹಿ ಅಂಶಗಳ ಮೇಲೆ ಬಿಸಿಲು ಬಿದ್ದರೆ ಗಂಧಕದ ಸಂಯುಕ್ತವೊಂದು ಹುಟ್ಟಿ ಬಿಯರ್ ನಾರುತ್ತದೆ. ಹಸಿರು ಬಾಟಲಿ ಬೆಳಕನ್ನು ಹೆಚ್ಚು ತಡೆಯುವುದಿಲ್ಲ, ಕಂದು ಬಾಟಲಿ ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ಬಿಸಿಲು ಕಾಯುತ್ತ ನಿಂತ ಚೆಂದದ ಹಸಿರು ಬಾಟಲಿಗಿಂತ ಮೂಲೆಯಲ್ಲಿ ಬಿದ್ದಿರುವ ಕ್ಯಾನ್ ಸುರಕ್ಷಿತ. ಕ್ಯಾನ್ ಎಂದರೆ ಲೋಹದ ರುಚಿ ಎನ್ನುವವರು ಲೋಟಕ್ಕೆ ಸುರಿದು ಕುಡಿಯಿರಿ, ಸಮಸ್ಯೆ ಮುಗಿಯಿತು. ಸ್ಟೀಲ್ ಲೋಟ ಬೇಡ, ಎಣ್ಣೆ ಜಿಡ್ಡು ಇಲ್ಲದ ಗಾಜಿನ ಲೋಟ. ಜಿಡ್ಡು ಸೋಕಿದರೆ ನೊರೆ ನಿಲ್ಲುವುದಿಲ್ಲ.

ಇನ್ನೊಂದು. ಲಾಗರ್ ಎಂದರೆ ಕೀಳು ಎಂಬ ಧಾಟಿ ಕೊಕ್ಕರೆಯವರ ಬರಹದಲ್ಲಿ ಮೊದಲಿನಿಂದಲೂ ಇದೆ. 1842ರಲ್ಲಿ ಬೊಹೆಮಿಯಾದ (ಇಂದಿನ ಚೆಕ್ ದೇಶ) ಪಿಲ್ಸೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಮೊದಲ ಬಾರಿ ಪಿಲ್ಸ್ನರ್ ಎಂಬ ಹೊಂಬಣ್ಣದ ಲಾಗರ್ ಮಾಡಿದಾಗ ಅದು ಯುರೋಪಿಗೇ ಬೆರಗು. ಕಡಿಮೆ ಬಿಸಿಯಲ್ಲಿ ಹುದುಗಿಸಿ, ವಾರಗಟ್ಟಲೆ ತಣ್ಣಗೆ ಇರಿಸಿ ಮಾಡುವ ಬಿಯರ್ ಅದು. ಸ್ಟೌಟ್‌ನಲ್ಲಿ ಸಣ್ಣ ತಪ್ಪಾದರೆ ಹುರಿದ ಕಾಳು ಮುಚ್ಚಿಹಾಕುತ್ತದೆ. ತಿಳಿ ಲಾಗರ್ ತಿಳಿಸಾರಿನ ಹಾಗೆ, ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಊಟಕ್ಕೆ ಕೂತವರೆಲ್ಲ ತಲೆಯೆತ್ತುತ್ತಾರೆ.

ಕಾವೇರಿ ಸೊಸೆ, ಶ್ರೀರಂಗಪಟ್ಟಣ · ಸೋಮವಾರ ರಾತ್ರಿ 8.05

ನಂಚಿಕೊಳ್ಳುವುದಕ್ಕೆ ಏನಿತ್ತು ಎಂದು ಯಾರೂ ಕೇಳಲೇ ಇಲ್ಲ! ಬರಿ ಬಾಯಲ್ಲಿ ಬಿಯರ್ ಹೋಲಿಸುವುದು ಪಲ್ಯವಿಲ್ಲದೆ ಚಪಾತಿ ಹೋಲಿಸಿದಂತೆ. ನನ್ನ ಅನುಭವ ಹೇಳುತ್ತೇನೆ. ಈರುಳ್ಳಿ ಕರುಕಾದ ಮದ್ದೂರು ವಡೆಗೆ ತಣ್ಣನೆಯ ಲಾಗರ್ ಬಿಟ್ಟು ಬೇರೆ ಯಾವುದೂ ಸರಿಹೋಗುವುದಿಲ್ಲ. ಖಾರದ ನಾಟಿ ಕೋಳಿಗೆ ಐಪಿಎ ಕುಡಿದರೆ ಕಹಿಯೂ ಖಾರವೂ ಜಗಳಕ್ಕೆ ಬೀಳುತ್ತವೆ, ಗೋಧಿ ಬಿಯರ್ ಅಲ್ಲಿ ನಡುವೆ ಬಂದು ಸಮಾಧಾನ ಮಾಡುತ್ತದೆ. ಕೊಲಂಬೊಗೆ ಹೋದಾಗ ಅಲ್ಲಿನ ಲಯನ್ ಸ್ಟೌಟ್ ಕುಡಿದಿದ್ದೆ, ಶೇ 8.8. ಸ್ಟ್ರಾಂಗ್ ಎಂದರೆ ಸ್ಪಿರಿಟ್ ಹೊಡೆಯಲೇಬೇಕು ಎಂಬ ನಂಬಿಕೆ ಅಂದು ಹೋಯಿತು. ಸುಟ್ಟ ಬೆಲ್ಲ, ಕಾಫಿ, ಕೊನೆಗೆ ಒಣದ್ರಾಕ್ಷಿ. ಅದರ ಜೊತೆ ಬ್ಯಾಗಿನಲ್ಲಿ ಉಳಿದಿದ್ದ ಮೈಸೂರು ಪಾಕಿನ ಒಂದು ತುಂಡು ತಿಂದೆ, ತುಪ್ಪ ಸುರಿಯುವ ಮೆತ್ತನೆಯದಲ್ಲ, ಗೂಡುಗೂಡಾದ ಗಟ್ಟಿಯದು. ನನ್ನ ಗಂಡ ಇದನ್ನು ಅಪಚಾರ ಎಂದರು. ಎರಡನೆಯ ತುಂಡನ್ನು ಅವರೇ ತಿಂದರು.

ಕಬ್ಬಿನ ಗದ್ದೆ · ಸೋಮವಾರ ರಾತ್ರಿ 8.20

ಸುಟ್ಟ ಬೆಲ್ಲ ಎಂದಿರಲ್ಲ ತಾಯಿ, ಅಲ್ಲಿ ನನ್ನ ಕಿವಿ ನೆಟ್ಟಗಾಯಿತು. ಆಲೆಮನೆಯಲ್ಲಿ ಪಾಕ ಇಳಿಸುವುದು ಸ್ವಲ್ಪ ತಡವಾದರೆ ಕೊಪ್ಪರಿಗೆಯ ತಳದಿಂದ ಬರುವ ವಾಸನೆಯೇ? ಅದಾದರೆ ನನಗೆ ಹುಟ್ಟಿನಿಂದ ಗೊತ್ತು. ಇಷ್ಟು ವರ್ಷ ಕೊಕ್ಕರೆ ಸರ್ "ರೋಸ್ಟೆಡ್ ನೋಟ್ಸ್" ಎಂದೆಲ್ಲ ಬರೆದು ನನ್ನನ್ನು ಓಡಿಸಿದರು. ತಳ ಹಿಡಿದ ಪಾಕ ಎಂದಿದ್ದರೆ ಅಂದೇ ಕುಡಿಯುತ್ತಿದ್ದೆ.

ನಿರ್ವಾಹಕ · ಸೋಮವಾರ ರಾತ್ರಿ 8.40

ಮತ್ತೊಂದು ಕೂಟ ನಡೆಯುವ ಸೂಚನೆ ಕಾಣುತ್ತಿರುವುದರಿಂದ ಹೇಳುತ್ತಿದ್ದೇನೆ. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್. ಒಂದು ಸ್ಟ್ರಾಂಗ್ ಬಾಟಲಿ ಎರಡು ಲಾರ್ಜ್ ವಿಸ್ಕಿಗೆ ಸಮ. ಬಿಯರ್ ತಾನೇ ಎನ್ನಬೇಡಿ. ರೈಲಿನಲ್ಲಿ ಬನ್ನಿ, ರೈಲಿನಲ್ಲಿ ಹೋಗಿ.

ಕುಕ್ಕರಹಳ್ಳಿ ಕೊಕ್ಕರೆ · ಮಂಗಳವಾರ ಬೆಳಗ್ಗೆ 9.00

ಹಾಗಾದರೆ ಬರುವ ಭಾನುವಾರ ಅದೇ ತಾರಸಿಯಲ್ಲಿ ಮರುಪರೀಕ್ಷೆ. ಈ ಸಲ ಎಲ್ಲ ಬಾಟಲಿಯ ದಿನಾಂಕ ನೋಡಿಯೇ ಕೊಳ್ಳುತ್ತೇನೆ. ಲಾಗರ್ ಮತ್ತು ಸ್ಟ್ರಾಂಗ್ ಫ್ರಿಜ್ಜಿನಿಂದ ನೇರ ಲೋಟಕ್ಕೆ, ಸ್ಟೌಟ್ ಹದಿನೈದು ನಿಮಿಷ ಹೊರಗೆ. ಒಂದು ಸುತ್ತು ಬರಿ ಬಾಯಲ್ಲಿ, ಒಂದು ಸುತ್ತು ವಡೆಯ ಜೊತೆ. ಅಂಕ ಬರೆಯುವವರು ಗೆಳೆಯನ ಹೆಂಡತಿಯೇ, ನನ್ನ ಐದು ಅಂಕದ ಅರ್ಜಿಯನ್ನು ಅವರು ತಳ್ಳಿಹಾಕಿದ್ದಾರೆ. ಮೇಷ್ಟ್ರು ಬರಲೇಬೇಕು, ಒಂಟಿಕೊಪ್ಪಲಿನಿಂದ ಆಟೊ ಕಳುಹಿಸುತ್ತೇನೆ.

ಹಳೇ ಸೈಕಲ್ · ಮಂಗಳವಾರ ಬೆಳಗ್ಗೆ 9.25

ಬರುತ್ತೇನೆ. ನೀರಿನ ಲೋಟ ತರುವುದಿಲ್ಲ.

ಕಬ್ಬಿನ ಗದ್ದೆ · ಮಂಗಳವಾರ ಬೆಳಗ್ಗೆ 9.40

ನಾನು ರೈಲಿನಲ್ಲಿ ಬರುತ್ತೇನೆ. ವಡೆ ನನ್ನ ಜವಾಬ್ದಾರಿ, ಇಪ್ಪತ್ತು ಸಾಕೇ? ಜೊತೆಗೆ ನನ್ನ ಕ್ಯಾನ್ ಎರಡು ತರುತ್ತೇನೆ, ಫ್ರೀಜರಿನಲ್ಲಿ ಜಾಗ ಇಟ್ಟಿರಿ.

ಕುಕ್ಕರಹಳ್ಳಿ ಕೊಕ್ಕರೆ · ಮಂಗಳವಾರ ಬೆಳಗ್ಗೆ 9.42

ಮೂವತ್ತು ತನ್ನಿ.